ದಾರಿಯಲ್ಲೇ ದುರಸ್ತಿಯಾಗುವ ಪೆಟ್ಟಿಗೆ

ಮಲ್ಪೆಯ ಕಡಲಂಚಿನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 169ಎ ಉಡುಪಿ, ಹೆಬ್ರಿ, ಸೋಮೇಶ್ವರ ದಾಟಿ, ಆಗುಂಬೆ ಘಾಟಿಯ 14 ತಿರುವುಗಳನ್ನು ಹತ್ತಿ ತೀರ್ಥಹಳ್ಳಿ ಸೇರುತ್ತದೆ. ಉಡುಪಿಯಿಂದ ಆಗುಂಬೆಗೆ ಐವತ್ತು ಚಿಲ್ಲರೆ ಕಿಲೋಮೀಟರ್. ಅಷ್ಟರೊಳಗೆ ಉಪ್ಪುಗಾಳಿಯ ಸೆಕೆ ಹಿಂದೆ ಬಿದ್ದು, ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಕಾಡು ಎದುರಾಗುತ್ತದೆ. ಬೈಕಿನಲ್ಲಿ ದೂರ ಹೋಗುವವರ ಸಾಮಾನಿಗೆ ದಕ್ಷಿಣದಲ್ಲಿ ಇದಕ್ಕಿಂತ ಕಠಿಣ ಪರೀಕ್ಷೆ ಸಿಗುವುದು ಕಷ್ಟ. ಮಳೆಗಾಲದಲ್ಲಿ ಈ ದಾರಿ ಹತ್ತುವ ಬೈಕುಗಳ ಹಿಂಬದಿ ನೋಡಿದರೆ ಸಾಮಾನು ಕಟ್ಟುವ ಎಲ್ಲ ಬಗೆಗಳೂ ಕಣ್ಣಿಗೆ ಬೀಳುತ್ತವೆ: ಟಾರ್ಪಾಲು ಸುತ್ತಿ ರಬ್ಬರ್ ಹಗ್ಗದಲ್ಲಿ ಬಿಗಿದ ಬ್ಯಾಗು, ಇಕ್ಕೆಲಗಳಲ್ಲಿ ಜೋತುಬಿದ್ದ ರೆಕ್ಸಿನ್ ಚೀಲ, ಹಾಲಿನವರ ಕ್ಯಾನು, ಸೀಟಿನ ಹಿಂದೆ ಪ್ಲಾಸ್ಟಿಕ್ಕಿನ ಟಾಪ್ ಬಾಕ್ಸ್, ತಿಂಗಳ ಸಂಬಳದಷ್ಟು ಬೆಲೆಯ ಅಲ್ಯೂಮಿನಿಯಂ ಪೆಟ್ಟಿಗೆ. ಇಲ್ಲದಿರುವುದು ಮರದ ಪೆಟ್ಟಿಗೆ ಮಾತ್ರ. ಸುತ್ತ ಇಷ್ಟು ಮರ, ಊರಿಗೊಬ್ಬರಾದರೂ ಬಡಗಿ, ಮನೆಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಪೆಟ್ಟಿಗೆ ಇರುವ ಸೀಮೆಯಲ್ಲೂ ಬೈಕಿಗೆ ಮರದ ಪೆಟ್ಟಿಗೆ ಕಟ್ಟಿಸುವ ಯೋಚನೆ ಯಾರಿಗೂ ಬರುವುದಿಲ್ಲ. ಬಂದರೂ ಅದನ್ನು ಹಳೆಯದರ ಮೋಹ ಎಂದು ಬದಿಗಿಡುತ್ತಾರೆ. ಮೋಹವನ್ನು ಬದಿಗಿಟ್ಟು ಲೆಕ್ಕ ಹಾಕಿದರೂ ದೀರ್ಘ ಪ್ರಯಾಣಕ್ಕೆ ಒಪ್ಪುವ ಪೆಟ್ಟಿಗೆ ಮರದ್ದೇ ಎಂಬುದು ನನ್ನ ವಾದ.

ಪೆಟ್ಟಿಗೆ ಆರಿಸುವಾಗ ಎಲ್ಲರೂ ಮೊದಲು ಕೇಳುವುದು ಅದು ಎಷ್ಟು ಗಟ್ಟಿ ಎಂದು. ಮಾರುವವರೂ ಅದನ್ನೇ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವ ಪ್ರಶ್ನೆ ಬೇರೆ: ಮುರಿದರೆ ಅದನ್ನು ಯಾರು, ಎಲ್ಲಿ, ಎಷ್ಟು ಹೊತ್ತಿನಲ್ಲಿ ಸರಿಮಾಡುತ್ತಾರೆ? ಸಾವಿರಾರು ಕಿಲೋಮೀಟರ್ ಓಡುವ ಬೈಕಿನಲ್ಲಿ ಏನಾದರೊಂದು ಮುರಿದೇ ಮುರಿಯುತ್ತದೆ. ಗುಂಡಿಗೆ ಇಳಿದಾಗ ಕ್ಯಾರಿಯರ್ ಬಾಗಬಹುದು, ನಿಂತಲ್ಲೇ ಬೈಕು ವಾಲಿ ಬಿದ್ದರೆ ಪೆಟ್ಟಿಗೆಯ ಮೂಲೆ ಜಜ್ಜಿಹೋಗಬಹುದು, ಬೀಗದ ಕೊಂಡಿ ಕಿತ್ತು ಬರಬಹುದು. ಅಚ್ಚಿನಲ್ಲಿ ಎರಕವಾದ ಪ್ಲಾಸ್ಟಿಕ್ ಪೆಟ್ಟಿಗೆ ಸೀಳಿದರೆ ಅದರ ಆಯುಷ್ಯ ಮುಗಿಯಿತು. ಹೊಸ ಮುಚ್ಚಳ ಬೇಕೆಂದರೆ ತಯಾರಕರ ಅಂಗಡಿ ಇರುವ ನಗರಕ್ಕೇ ಹೋಗಬೇಕು. ಅಲ್ಯೂಮಿನಿಯಂ ಪೆಟ್ಟಿಗೆಯ ಬೆಸುಗೆ ಬಿಟ್ಟರೆ ಆರ್ಗಾನ್ ಅನಿಲ ಬಳಸಿ ಬೆಸೆಯುವ ಯಂತ್ರ ಬೇಕು. ಅಂಥದ್ದು ತಾಲ್ಲೂಕು ಕೇಂದ್ರಗಳಲ್ಲೂ ಅಪರೂಪ. ಮರದ ಪೆಟ್ಟಿಗೆಯ ಹಲಗೆ ಸೀಳಿದರೆ ಬೇಕಾಗುವುದು ಗರಗಸ, ಉಳಿ, ಕೊಡತಿ, ಅಂಟು, ನಾಲ್ಕು ತಿರುಪು, ಒಂದು ತುಂಡು ಹಲಗೆ. ಈ ದೇಶದಲ್ಲಿ ಬಾಗಿಲು ಕಿಟಕಿ ಮಾಡುವವರು ಇಲ್ಲದ ಊರಿಲ್ಲ. ದಾರಿಯುದ್ದಕ್ಕೂ ಕೈಗೆಟುಕುವ ವಿದ್ಯೆಯಿಂದ ಬದುಕುಳಿಯುವ ವಸ್ತುವೇ ಪ್ರಯಾಣದ ವಸ್ತು.

ಮೊದಲ ಆಕ್ಷೇಪ ಭಾರದ್ದು. ಮರ ಭಾರ ಎಂಬ ನಂಬಿಕೆ ಅಜ್ಜನ ಪೆಟ್ಟಿಗೆಯನ್ನು ಎತ್ತಿ ನೋಡಿದ ಅನುಭವದಿಂದ ಬಂದದ್ದು. ಅಲ್ಲಿ ಇಂಚು ದಪ್ಪದ ಹಲಗೆ, ಹಿತ್ತಾಳೆಯ ಪಟ್ಟಿ, ಗುಬ್ಬಿ ಎಲ್ಲವೂ ಇರುತ್ತದೆ. ಬೈಕಿನ ಪೆಟ್ಟಿಗೆಗೆ ಅಷ್ಟು ದಪ್ಪ ಬೇಡ. 40 ಸೆಂಟಿಮೀಟರ್ ಉದ್ದ, 35 ಎತ್ತರ, 20 ಅಗಲದ ಒಂದು ಪೆಟ್ಟಿಗೆಯನ್ನು ಎಣಿಸಿ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 0.58 ಚದರ ಮೀಟರ್. 2 ಮಿಲಿಮೀಟರ್ ಅಲ್ಯೂಮಿನಿಯಂ ತಗಡಿನಲ್ಲಿ ಮಾಡಿದರೆ ತಗಡಿನ ತೂಕವೇ 3.1 ಕಿಲೋ. 9 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಮಾಡಿದರೆ, ಘನ ಮೀಟರಿಗೆ 600ರಿಂದ 700 ಕಿಲೋ ತೂಗುವ ಹಾಳೆಯಾದರೆ, 3.1ರಿಂದ 3.7 ಕಿಲೋ. ಹೆಚ್ಚುಕಡಿಮೆ ಒಂದೇ. ಆದರೆ ಹಲಗೆಯ ಬಿಗುವು ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡರಷ್ಟಾದರೆ ಬಿಗುವು ಎಂಟರಷ್ಟು. ಅಲ್ಯೂಮಿನಿಯಂ ಮರಕ್ಕಿಂತ ಹತ್ತು ಪಟ್ಟು ಸೆಟೆದ ಲೋಹವಾದರೂ, ಅದೇ ತೂಕದಲ್ಲಿ ನಾಲ್ಕೂವರೆ ಪಟ್ಟು ದಪ್ಪವಿರುವ ಪ್ಲೈವುಡ್ ಹಾಳೆ ಅದಕ್ಕಿಂತ ಹಲವು ಪಟ್ಟು ಕಡಿಮೆ ಬಾಗುತ್ತದೆ. ಹಾಗಾಗಿ ಮರದ ಪೆಟ್ಟಿಗೆಯ ಮೇಲೆ ಧೈರ್ಯವಾಗಿ ಕೂರಬಹುದು, ಸ್ಟೌ ಇಟ್ಟು ಚಹಾ ಕಾಯಿಸಬಹುದು. ಗಟ್ಟಿ ತೇಗದ 15 ಮಿಲಿಮೀಟರ್ ಹಲಗೆಯಲ್ಲೇ ಮಾಡುತ್ತೇನೆಂದರೆ ಮಾತ್ರ ತೂಕ ಐದೂವರೆ ಕಿಲೋ ದಾಟುತ್ತದೆ. ಬೀಟೆಯಲ್ಲಿ ಮಾಡುವ ಆಸೆಯಿದ್ದರೆ ಅದನ್ನು ಮನೆಯ ಕಪಾಟಿಗೆ ಮೀಸಲಿಡುವುದು ಒಳ್ಳೆಯದು. ಮೂಲೆಗಳಿಗೆ ಗಟ್ಟಿ ಮರದ ಕಂಬಿ, ಮುಖಗಳಿಗೆ ಪ್ಲೈವುಡ್ ಎಂಬ ಹೊಂದಾಣಿಕೆಯೇ ನನ್ನ ಮಟ್ಟಿಗೆ ಸರಿಯಾದದ್ದು.

ಭಾರಕ್ಕಿಂತ ದೊಡ್ಡ ಶತ್ರು ನಡುಕ. ಒಂದೇ ಸಿಲಿಂಡರಿನ ಬುಲೆಟ್ಟು ನಿಮಿಷಕ್ಕೆ 3000 ಸುತ್ತಿನಲ್ಲಿ ಓಡುವಾಗ ಸೆಕೆಂಡಿಗೆ 50 ಬಾರಿ ಬಡಿತ ಕೊಡುತ್ತದೆ, ಗಂಟೆಗೆ 1.8 ಲಕ್ಷ ಬಾರಿ. ಉಕ್ಕಿಗೆ ಒಂದು ಮಿತಿಯೊಳಗಿನ ಬಡಿತವನ್ನು ಎಷ್ಟು ಸಾರಿಯಾದರೂ ತಾಳುವ ಗುಣವಿದೆ. ಅಲ್ಯೂಮಿನಿಯಂಗೆ ಅಂಥ ಮಿತಿಯಿಲ್ಲ. ಸಣ್ಣ ಬಡಿತವೂ ಕೋಟಿಗಟ್ಟಲೆ ಸಾರಿ ಬಿದ್ದಾಗ ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ. ಮರ ನಡುಕವನ್ನು ತನ್ನ ನಾರಿನೊಳಗೇ ಹೀರಿಕೊಳ್ಳುತ್ತದೆ. ಅದರ ಬಲಹೀನತೆ ಇರುವುದು ಬೇರೆ ಕಡೆ: ತಿರುಪು ಹಿಡಿದ ಜಾಗದಲ್ಲಿ. ಹಲಗೆಯ ತಲೆಕಡೆಗೆ, ಅಂದರೆ ನಾರು ಕತ್ತರಿಸಿದ ತುದಿಗೆ ಹಾಕಿದ ತಿರುಪು ನಡುಕಕ್ಕೆ ಸಡಿಲಾಗಿ, ಕೊನೆಗೆ ಬೆರಳಲ್ಲೇ ಎಳೆದರೂ ಬರುತ್ತದೆ. ಅದಕ್ಕೆ ಪೆಟ್ಟಿಗೆ ಕ್ಯಾರಿಯರಿಗೆ ಸೇರುವ ನಾಲ್ಕು ಜಾಗಗಳಲ್ಲಿ ತಿರುಪು ಕೂಡದು. ಹಲಗೆಯ ಆಚೆ ಈಚೆ ಹಾಯುವ ಬೋಲ್ಟು, ಒಳಗಡೆ ಎರಡು ರೂಪಾಯಿ ನಾಣ್ಯಕ್ಕಿಂತ ಅಗಲದ ವಾಷರ್, ನಡುವೆ ರಬ್ಬರಿನ ಬಿಲ್ಲೆ, ಹೊರಗೆ ಸಡಿಲಾಗದ ನೈಲಾನ್ ನಟ್ಟು ಬೇಕು. ಮೂಲೆಗಳನ್ನು ಮೊಳೆ ಹೊಡೆದು ಸೇರಿಸುವ ಬದಲು ಬೆರಳಿಗೆ ಬೆರಳು ಹೆಣೆದಂತೆ ಹಲ್ಲು ಕೊರೆದು ಕೂರಿಸಿದರೆ ಅಂಟು ಹಿಡಿಯುವ ಜಾಗ ಹಲವು ಪಟ್ಟು ಹೆಚ್ಚುತ್ತದೆ. ಹಲ್ಲುಗಳನ್ನು ತುದಿಯ ಕಡೆ ಅಗಲವಾಗಿ ಓರೆ ಕೊರೆದರೆ ಅದು ನಮ್ಮ ಬಡಗಿಗಳು ಡವ್‌ಟೇಲ್ ಎನ್ನುವ ಕೂಡು; ಅಂಟು ಸತ್ತರೂ ಮೂಲೆ ಒಂದು ದಿಕ್ಕಿಗೆ ಬಿಚ್ಚಲಾರದು. ಹಾರ್ಮೋನಿಯಂ ಪೆಟ್ಟಿಗೆಯ ಮೂಲೆಯನ್ನು ಹತ್ತಿರದಿಂದ ನೋಡಿದವರಿಗೆ ಇದು ಹೊಸದಲ್ಲ. ರೈಲು, ಬಸ್ಸು, ಎತ್ತಿನಗಾಡಿಗಳಲ್ಲಿ ತಲೆಮಾರುಗಟ್ಟಲೆ ಓಡಾಡಿದ ಪೆಟ್ಟಿಗೆ ಅದು.

ಕ್ಯಾರಿಯರಿಗೆ ಮಾತ್ರ ಮರ ಬೇಡ. ಅದು ಉಕ್ಕಿನ ಕೊಳವೆಯದ್ದೇ ಆಗಬೇಕು. ಕಾರಣ ಮತ್ತದೇ: ಉಕ್ಕು ಮುರಿದರೆ ಟ್ರ್ಯಾಕ್ಟರ್ ಟ್ರೇಲರ್ ರಿಪೇರಿ ಮಾಡುವ ಯಾವ ವೆಲ್ಡಿಂಗ್ ಅಂಗಡಿಯಲ್ಲೂ ಅರ್ಧ ಗಂಟೆಯಲ್ಲಿ ಸರಿಹೋಗುತ್ತದೆ.

ಎರಡನೆಯ ಆಕ್ಷೇಪ ಮಳೆಯದು, ಮತ್ತು ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆಗುಂಬೆಯ ಮಳೆಗೆ ಮರ ಉಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ, ಕೊಳೆಯುತ್ತದೆ ಎನ್ನುವವರು ಒಮ್ಮೆ ಅದೇ ಹೆದ್ದಾರಿ ಹುಟ್ಟುವ ಮಲ್ಪೆಯ ಕಡೆಗೆ ತಿರುಗಿ ನೋಡಬೇಕು. ಫೈಬರ್ ಬರುವ ತನಕ ಕರಾವಳಿಯ ಮೀನುಗಾರರು ಜೀವವನ್ನು ಒಪ್ಪಿಸಿದ್ದು ಮರದ ದೋಣಿಗೆ. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು, ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ ಬಳಿದು ಅವರು ಉಪ್ಪುನೀರನ್ನೂ ಹುಳವನ್ನೂ ದೂರ ಇಟ್ಟರು. ನೀರು ಮರಕ್ಕೆ ತಾಗುವುದರಿಂದ ಕೆಡುಕಿಲ್ಲ; ತಾಗಿದ ನೀರು ಹೊರಬರಲಾಗದೆ ಒಳಗೇ ನಿಲ್ಲುವುದರಿಂದ ಕೆಡುಕು. ಮರವನ್ನು ತಿನ್ನುವ ಶಿಲೀಂಧ್ರಕ್ಕೆ ಬೇಕಾದದ್ದು ಬಹುಕಾಲ ಆರದ ತೇವ. ಹಗಲು ನೆನೆದು ರಾತ್ರಿ ಗಾಳಿಗೆ ಒಣಗುವ ಹಲಗೆ ವರ್ಷಗಟ್ಟಲೆ ಬಾಳುತ್ತದೆ. ಪೆಟ್ಟಿಗೆಯ ವಿನ್ಯಾಸದಲ್ಲಿ ಇದನ್ನು ಪಾಲಿಸುವುದು ಕಷ್ಟವಲ್ಲ: ಮುಚ್ಚಳ ನಾಲ್ಕೂ ಕಡೆ ಅರ್ಧ ಇಂಚು ಹೊರಚಾಚಿ, ಅಂಚಿನ ಕೆಳಗೆ ನೀರು ತೊಟ್ಟಿಕ್ಕಿ ಬೀಳಲು ಸಣ್ಣ ತೋಡು ಕೊರೆದಿರಬೇಕು, ತಳದ ಮೂಲೆಯಲ್ಲಿ ಪೆನ್ಸಿಲ್ ದಪ್ಪದ ಎರಡು ತೂತು ಇರಬೇಕು. ಒಳಗಿನ ಬಟ್ಟೆಬರೆಗೆ ಹೇಗೂ ಜಲನಿರೋಧಕ ಚೀಲ ಇದ್ದೇ ಇರುತ್ತದೆ. ಅಲ್ಯೂಮಿನಿಯಂ ಪೆಟ್ಟಿಗೆಯವರೂ ಅದನ್ನು ಇಟ್ಟುಕೊಳ್ಳುತ್ತಾರೆ, ಏಕೆಂದರೆ ತಣ್ಣನೆಯ ತಗಡಿನ ಒಳಮೈಗೆ ರಾತ್ರಿ ಇಬ್ಬನಿ ಕಟ್ಟುತ್ತದೆ. ಮರದ ಒಳಮೈಗೆ ಹಾಗೆ ಕಟ್ಟುವುದು ಕಡಿಮೆ.

ಮರದ ಮೇಲೆ ಹೊರಿಸುವ ಎಷ್ಟೋ ದೂರುಗಳು ನಿಜವಾಗಿ ಅಂಟಿಗೆ ಸೇರಬೇಕಾದವು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಡಿ ಹ್ಯಾವಿಲ್ಯಾಂಡ್ ಮಾಸ್ಕಿಟೊ ವಿಮಾನ ಇದಕ್ಕೆ ದೊಡ್ಡ ಸಾಕ್ಷಿ. 1940ರ ನವೆಂಬರ್ 25ರಂದು ಮೊದಲು ಹಾರಿದ ಆ ವಿಮಾನದ ಮೈ, ರೆಕ್ಕೆ ಎಲ್ಲವೂ ಮರ. ಬರ್ಚ್ ಪ್ಲೈವುಡ್‌ನ ಎರಡು ಪದರಗಳ ನಡುವೆ ಹತ್ತಿಯಂತೆ ಹಗುರಾದ ಬಾಲ್ಸಾ ತುಂಬಿದ ಹೊದಿಕೆ. ತನ್ನ ಕಾಲದ ಅತಿ ವೇಗದ ವಿಮಾನಗಳಲ್ಲಿ ಅದೂ ಒಂದಾಗಿತ್ತು. ಮೊದಮೊದಲು ಅದಕ್ಕೆ ಬಳಸುತ್ತಿದ್ದುದು ಹಾಲಿನ ಕೇಸೀನ್‌ನಿಂದ ಮಾಡಿದ ಅಂಟು. ಬಿಸಿ ಮತ್ತು ತೇವ ಕೂಡಿದ ಹವೆಗೆ ಅದು ತಾಳದೆಂದು ಫಾರ್ಮಾಲ್ಡಿಹೈಡ್ ಅಂಟಿಗೆ ಬದಲಾಯಿಸಿದರು. 1944ರಲ್ಲಿ ಭಾರತದಲ್ಲಿದ್ದ ಕೆಲವು ಮಾಸ್ಕಿಟೊಗಳ ರೆಕ್ಕೆ ಕಳಚಿದಾಗ ತನಿಖೆ ಬೆರಳು ತೋರಿದ್ದು ಸರಿಯಾಗಿ ಅಂಟು ಕೂರದೆ ಸಂದು ಉಳಿದ ಕೂಡುಗಳ ಕಡೆಗೆ. ನಾರು ಗಟ್ಟಿಯಾಗಿಯೇ ಇತ್ತು, ಕೂಡಿಸಿದ ಕೆಲಸ ಸೋತಿತ್ತು. ಇವತ್ತು ನಮ್ಮ ಅಂಗಡಿಗಳಲ್ಲೇ ಸಿಗುವ, ಐಎಸ್ 710 ಗುರುತಿನ ಮರೀನ್ ಪ್ಲೈವುಡ್ 72 ಗಂಟೆ ಕುದಿಯುವ ನೀರಿನ ಪರೀಕ್ಷೆ ದಾಟಿ ಬಂದದ್ದು. ಆಗುಂಬೆಯ ಮಳೆ ಎಷ್ಟೇ ಜೋರಾದರೂ ಕುದಿಯುವುದಿಲ್ಲ. ಆದರೆ ಒಂದು ಎಚ್ಚರ ಬೇಕೇ ಬೇಕು: ಪ್ಲೈವುಡ್ಡಿನ ಅಗಲದ ಮುಖ ಎಷ್ಟು ಸುಭದ್ರವೋ ಅದರ ಕತ್ತರಿಸಿದ ಅಂಚು ಅಷ್ಟೇ ಬಾಯಾರಿದ್ದು. ಪದರಗಳ ಬಾಯಿ ತೆರೆದಿರುವ ಆ ಅಂಚನ್ನು ಎಪಾಕ್ಸಿ ಸವರಿ ಮುಚ್ಚದೆ ಬಿಟ್ಟರೆ ಎಂಥ ಮುದ್ರೆಯ ಹಾಳೆಯೂ ಎರಡು ಮಳೆಗಾಲದಲ್ಲಿ ಪುಸ್ತಕದ ಹಾಳೆಯಂತೆ ಬಿಡಿಸಿಕೊಳ್ಳಬಹುದು.

ಮಳೆಗಿಂತ ಸೂಕ್ಷ್ಮವಾದ ಪ್ರಶ್ನೆ ಹವೆ ಬದಲಾಗುವುದು. ಇದೇ ಪೆಟ್ಟಿಗೆ ಆಗುಂಬೆಯಿಂದ ಚಿತ್ರದುರ್ಗ, ಹೊಸಪೇಟೆ, ವಿಜಯಪುರದ ಒಣ ಬಯಲು ದಾಟಿ, ಉತ್ತರಕ್ಕೆ ನಡೆದು, ಮನಾಲಿಯ ಆಚೆ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗದಲ್ಲಿ ತೂರಿ, ಬಾರಾಲಾಚಾ ಕಣಿವೆ ಏರಿ, ಗಾಟಾ ಲೂಪ್ಸಿನ 21 ತಿರುವು ಸುತ್ತಿ ಲೇಹ್ ತಲುಪಿತೆನ್ನಿ. ಮಲೆನಾಡಿನ ಮಳೆಗಾಲದಲ್ಲಿ ಮರ ತನ್ನ ತೂಕದ ನೂರಕ್ಕೆ 18–20ರಷ್ಟು ತೇವ ಹಿಡಿದುಕೊಂಡಿರುತ್ತದೆ. ಲಡಾಖಿನ ಒಣ ಗಾಳಿಯಲ್ಲಿ ಬಹಳ ದಿನ ನಿಂತರೆ ಅದು 7–8ಕ್ಕೆ ಇಳಿಯುತ್ತದೆ. ಮರ ಉದ್ದದಲ್ಲಿ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು, ಅಡ್ಡಕ್ಕೆ ಕುಗ್ಗುತ್ತದೆ. ಅತಿ ಕಡಿಮೆ ಕುಗ್ಗುವ ಮರಗಳಲ್ಲಿ ಒಂದಾದ ತೇಗವೂ, ದಿಮ್ಮಿಯ ಹೊರಬಳಸಿನ ಕಡೆಯಿಂದ ಸೀಳಿದ 20 ಸೆಂಟಿಮೀಟರ್ ಅಗಲದ ಹಲಗೆಯಾದರೆ, ಇಷ್ಟು ತೇವ ಬಿಟ್ಟಾಗ ಸುಮಾರು 4 ಮಿಲಿಮೀಟರ್ ಕಿರಿದಾಗುತ್ತದೆ. ನಾಲ್ಕೂ ಅಂಚನ್ನು ಅಂಟಿನಿಂದ ಬಂಧಿಸಿದ ಹಲಗೆ ಕುಗ್ಗಲು ಜಾಗವಿಲ್ಲದೆ ನಡುವೆ ಸೀಳುತ್ತದೆ. ನಮ್ಮ ಬಡಗಿಗಳು ಬಾಗಿಲಿನಲ್ಲಿ ಇದಕ್ಕೆ ಎಂದೋ ಪರಿಹಾರ ಕಂಡಿದ್ದಾರೆ: ಚೌಕಟ್ಟಿಗೆ ತೋಡು ಕೊರೆದು, ಒಳಗಿನ ಹಲಗೆಯನ್ನು ಅಂಟು ಹಾಕದೆ ತೋಡಿನೊಳಗೆ ಸುಮ್ಮನೆ ಕೂರಿಸುವುದು. ಹಲಗೆ ಹಿಗ್ಗಲಿ ಕುಗ್ಗಲಿ, ಚೌಕಟ್ಟು ಅಲುಗದು. ಪೆಟ್ಟಿಗೆಯ ಅಗಲ ಮುಖಗಳನ್ನು ಹೀಗೆ ಮಾಡಿದರೆ ಇನ್ನೊಂದು ಲಾಭವೂ ಇದೆ. ಮುರಿದ ಹಲಗೆಯನ್ನು ಹೊರಗೆಳೆದು ಬೇರೆ ತೂರಿಸಿದರೆ ಕೆಲಸ ಮುಗಿಯಿತು. ಪ್ಲೈವುಡ್ಡಿಗೆ ಈ ಹಿಗ್ಗು ಕುಗ್ಗಿನ ಕಾಟ ಇಲ್ಲವೆಂದೇ ಹೇಳಬಹುದು, ಅಡ್ಡ ಉದ್ದ ಪದರಗಳು ಒಂದನ್ನೊಂದು ಹಿಡಿದಿರುತ್ತವೆ. ಹಾಗಿದ್ದರೂ ತೋಡಿನ ಕಟ್ಟುಪಾಡು ಬಿಡಬಾರದು ಎನ್ನುತ್ತೇನೆ, ದುರಸ್ತಿಯ ಸಲುವಾಗಿ.

ಮೇಲಿನ ಲೇಪಕ್ಕೂ ಇದೇ ತರ್ಕ. ಕನ್ನಡಿಯಂತೆ ಹೊಳೆಯುವ ಪಾಲಿಯುರೆಥೇನ್ ವಾರ್ನಿಷ್ ಮೊದಲ ವರ್ಷ ಚೆನ್ನ. ಒಂದು ಕಲ್ಲು ಸಿಡಿದು ಪೊರೆ ಒಡೆಯಿತೆಂದರೆ ಆ ತೂತಿನಿಂದ ನೀರು ಹೊಕ್ಕು ಪೊರೆಯ ಕೆಳಗೆ ಹರಡುತ್ತದೆ, ಮೇಲೆ ಕಪ್ಪು ಕಲೆ ಕಾಣುವಷ್ಟರಲ್ಲಿ ಒಳಗೆ ಬಹಳ ಆಗಿರುತ್ತದೆ. ಅದನ್ನು ಸರಿಮಾಡಲು ಪೂರ್ತಿ ಹೆರೆದು ಹೊಸದಾಗಿ ಬಳಿಯಬೇಕು. ಕಾಯಿಸಿದ ಅಗಸೆ ಎಣ್ಣೆ ಅಷ್ಟು ಕಾವಲು ಕೊಡುವುದಿಲ್ಲ, ಒಪ್ಪುತ್ತೇನೆ. ಆದರೆ ಸವೆದ ಕಡೆ ಲಾಡ್ಜಿನ ವರಾಂಡದಲ್ಲಿ ಕೂತು ಬಟ್ಟೆಯಲ್ಲಿ ಮತ್ತೆ ಒರೆಸಿದರೆ ಬೆಳಗ್ಗೆಗೆ ಹದವಾಗಿರುತ್ತದೆ. (ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ಬಟ್ಟೆಗೆ ತಾನಾಗಿ ಬೆಂಕಿ ಹೊತ್ತಬಹುದು, ಹರಡಿ ಒಣಗಿಸಬೇಕು.) ಗೇರೆಣ್ಣೆ ಹೊರಮೈಗೆ ಇನ್ನೂ ಗಟ್ಟಿ ಕಾವಲು, ಆದರೆ ಅದು ಚರ್ಮ ಸುಡುವಂಥದ್ದು. ದಿನವೂ ಕೈಯಾಡಿಸುವ ಪೆಟ್ಟಿಗೆಗೆ ತಳದ ಹೊರಮೈಗಷ್ಟೇ ಅದು ಸಾಕು.

ಅಂಗಡಿಯಲ್ಲಿ ಸಿದ್ಧ ಪೆಟ್ಟಿಗೆ ಇರುವಾಗ ಅಳತೆ ಕೊಟ್ಟು ಮಾಡಿಸುವ ಉಸಾಬರಿ ಏಕೆ ಎಂದು ಕೇಳುವವರಿಗೆ ಬೈಕುಗಳೇ ಉತ್ತರ ಕೊಡುತ್ತವೆ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ 1996ರ ತನಕ ತಯಾರಾದ ಜಾವಾ, ಯೆಜ್ಡಿಗಳಿಗೆ ಎರಡೂ ಬದಿಗೆ ಸೈಲೆನ್ಸರ್. ಬುಲೆಟ್ಟಿಗೆ ಒಂದೇ ಬದಿ. ನಮ್ಮ ದೇಶದ ಬೈಕುಗಳಿಗೆ ಎಡಕ್ಕೆ ಸೀರೆ ಗಾರ್ಡ್ ಬೇರೆ ಇರುತ್ತದೆ. ಸೈಲೆನ್ಸರಿನ ಕಾವು ತಾಗದಂತೆ ಒಂದು ಪೆಟ್ಟಿಗೆಯನ್ನು ಮೇಲೆತ್ತಬೇಕು, ಅಥವಾ ಅದರ ತಳವನ್ನು ಓರೆ ಕತ್ತರಿಸಬೇಕು. ಇನ್ನೊಂದನ್ನು ಗಾರ್ಡಿನ ಹೊರಗೆ ತರಬೇಕು. ಎರಡರ ತೂಕ ಆದಷ್ಟು ಸಮವಿರಬೇಕು, ಭಾರದ ಸಾಮಾನು ಹಿಂದಿನ ಗಾಲಿಯ ಅಚ್ಚಿಗಿಂತ ಮುಂದೆ, ತಗ್ಗಿನಲ್ಲಿ ಕೂರಬೇಕು. ಅಚ್ಚಿಗಿಂತ ಹಿಂದೆ, ಎತ್ತರದಲ್ಲಿ ಭಾರ ಹೇರಿದರೆ ಮುಂದಿನ ಗಾಲಿ ಹಗುರಾಗಿ ವೇಗದಲ್ಲಿ ಹ್ಯಾಂಡಲ್ ಓಲಾಡುತ್ತದೆ. ಒಟ್ಟು ಅಗಲ ಹ್ಯಾಂಡಲಿನ ಅಗಲವನ್ನು ಮೀರಬಾರದು. ಹ್ಯಾಂಡಲ್ ನುಗ್ಗಿದ ಸಂದಿನಲ್ಲಿ ಪೆಟ್ಟಿಗೆಯೂ ನುಗ್ಗುತ್ತದೆ ಎಂಬ ಭರವಸೆ ಸವಾರನಿಗೆ ಇರಬೇಕು. ಒಂದೊಂದು ಬೈಕಿಗೂ ಸವಾರನಿಗೂ ಈ ಲೆಕ್ಕ ಬೇರೆ. ಕಾರ್ಖಾನೆಯ ಅಚ್ಚಿಗೆ ಇದನ್ನು ಹೇಳಿ ಕೇಳಿಸಲಾಗದು, ಬಡಗಿಗೆ ಬೈಕನ್ನೇ ಅಂಗಳದಲ್ಲಿ ನಿಲ್ಲಿಸಿ ತೋರಿಸಬಹುದು. ಕಾನೂನಿನ ಅಳತೆಯೂ ನೆನಪಿರಲಿ: ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2020ರಲ್ಲಿ ಬೈಕಿನ ಸೀಟಿನ ಮೇಲೋ ಹಿಂದೋ ಇಡುವ ಹಗುರ ಪೆಟ್ಟಿಗೆಗೆ 550 ಮಿಲಿಮೀಟರ್ ಉದ್ದ, 510 ಅಗಲ, 500 ಎತ್ತರದ ಮಿತಿ ಹಾಕಿದೆ, ಹಿಂಬದಿ ಸವಾರನ ಜಾಗದಲ್ಲಿ ಪೆಟ್ಟಿಗೆಯಿಟ್ಟರೆ ಚಾಲಕನೊಬ್ಬನೇ ಹೋಗಬೇಕು.

ಅಳತೆ ಕೊಡುವ ಹೊತ್ತಿಗೆ ಸಾಮಾನಿನ ಬಗ್ಗೆ ಯೋಚಿಸದೆ ವಿಧಿಯಿಲ್ಲ, ಮತ್ತು ಪ್ರಯಾಣಕ್ಕೆ ಇದರಿಂದಾಗುವ ಉಪಕಾರ ದೊಡ್ಡದು. ಕರಾವಳಿಯ ಯಕ್ಷಗಾನ ಮೇಳಗಳನ್ನು ನೋಡಿ. ದೀಪಾವಳಿಯ ಆಸುಪಾಸಿನಲ್ಲಿ ಹೊರಟರೆ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ತನಕ ದಿನಕ್ಕೊಂದು ಊರು. ಲಾರಿ ಬಸ್ಸು ಇಲ್ಲದ ಕಾಲದಲ್ಲಿ ಬೆಳಗಿನ ಜಾವ ಆಟ ಮುಗಿದ ಮೇಲೆ ಕಿರೀಟ, ಭುಜಕೀರ್ತಿ, ಬಟ್ಟೆ ತುಂಬಿದ ಮರದ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಗದ್ದೆಯ ಅಂಚಿನಲ್ಲಿ ಮುಂದಿನ ಊರಿಗೆ ನಡೆಯುತ್ತಿದ್ದರು. ಯಾವ ಪೆಟ್ಟಿಗೆಯಲ್ಲಿ ಏನು, ಯಾವುದರ ಮೇಲೆ ಯಾವುದು ಎಂಬುದು ನಿಗದಿ. ಬಣ್ಣ ಹಚ್ಚುವ ಚೌಕಿಯಲ್ಲಿ ವೇಷಧಾರಿ ತನ್ನ ಪೆಟ್ಟಿಗೆಯ ಮುಂದೆ ಕೂತರೆ ಕೈ ಚಾಚಿದಲ್ಲಿ ಬೇಕಾದದ್ದು ಸಿಗಬೇಕು. ಪ್ರತಿ ರಾತ್ರಿ ಹೊಸ ಜಾಗದಲ್ಲಿ ಬಿಚ್ಚಿ, ಕಟ್ಟಿ ಮಾಡುವವರಿಗೆ ಪೆಟ್ಟಿಗೆಯೊಳಗಿನ ಕ್ರಮವೇ ಮನೆ. ಬೈಕಿನ ಪ್ರಯಾಣಿಕನ ಸ್ಥಿತಿಯೂ ಅಷ್ಟೇ. ಎಳೆದಷ್ಟೂ ಹಿಗ್ಗುವ ಚೀಲ ಬೇಡದ್ದನ್ನೂ ನುಂಗುತ್ತದೆ. 23 ಲೀಟರಿನ ಗಟ್ಟಿ ಗೋಡೆಯ ಪೆಟ್ಟಿಗೆ ಮೊದಲೇ ಪಟ್ಟಿ ಕೇಳುತ್ತದೆ: ಪಂಕ್ಚರ್ ಸಾಮಾನಿಗೆ ಒಂದು ಅರೆ, ಕ್ಲಚ್ ಕೇಬಲ್ಲಿಗೆ ಮುಚ್ಚಳದ ಒಳಗೆ ಒಂದು ಕೊಕ್ಕೆ, ಔಷಧಿಗೆ ಮೇಲಿನ ತಟ್ಟೆ. ಇಷ್ಟಾದ ಮೇಲೆ ಉಳಿದ ಜಾಗವೇ ಬಟ್ಟೆಗೆ. 1858ರಲ್ಲಿ ಲೂಯಿ ವಿಟಾನ್ ಪಾಪ್ಲರ್ ಮರದ ಚೌಕಟ್ಟಿಗೆ ಕ್ಯಾನ್ವಾಸ್ ಹೊದಿಸಿ ಚಪ್ಪಟೆ ಮುಚ್ಚಳದ ಪೆಟ್ಟಿಗೆ ತಂದದ್ದೂ ರೈಲು ಹಡಗುಗಳಲ್ಲಿ ಒಂದರ ಮೇಲೊಂದು ಪೇರಿಸಲು. ಅದಕ್ಕೂ ಹಿಂದೆ ಮಳೆನೀರು ಜಾರಲೆಂದು ಗುಮ್ಮಟದ ಮುಚ್ಚಳ ಮಾಡುತ್ತಿದ್ದರು. ಸಾಗಣೆಯ ಬಗೆ ಬದಲಾದಂತೆ ಪೆಟ್ಟಿಗೆಯ ಆಕಾರ ಬದಲಾಗಿದೆ, ಮರ ಅದಕ್ಕೆಲ್ಲ ಒಗ್ಗಿಕೊಂಡಿದೆ.

ಬೀಳುವ ಮಾತಿಗೆ ಬರೋಣ, ಏಕೆಂದರೆ ಇಲ್ಲಿ ನನ್ನ ವಾದಕ್ಕೆ ನಿಜವಾದ ಮಿತಿಯಿದೆ. ಕಲ್ಲು ಮಣ್ಣಿನ ಹಾದಿಯಲ್ಲಿ ಸವಾರ ಕಾಲೂರಿ ಸಂಭಾಳಿಸುವಾಗ ಗಟ್ಟಿ ಪೆಟ್ಟಿಗೆ ಹಿಂದಿನಿಂದ ಮೀನಖಂಡಕ್ಕೆ ಬಡಿಯುತ್ತದೆ. ಬೈಕು ಮಗುಚಿದರೆ ಅದರಡಿ ಕಾಲು ಸಿಕ್ಕಬಹುದು. ಇದು ಮರಕ್ಕೂ ಅಲ್ಯೂಮಿನಿಯಂಗೂ ಸಮಾನ. ಜೊತೆಗೆ ಮುರಿದ ಮರ ಈಟಿಯಂಥ ಸೀಳು ಬಿಡುತ್ತದೆ, ಪ್ಲೈವುಡ್ಡಂತೂ ಖಂಡಿತ. ಅಂಚುಗಳನ್ನೆಲ್ಲ ದುಂಡಗೆ ಹೆರೆದು, ಪೆಟ್ಟಿಗೆಯ ಮುಂದಿನ ಮುಖವನ್ನು ಕಾಲಿನಿಂದ ಗೇಣು ದೂರ ಇಟ್ಟರೆ ಅಪಾಯ ತಗ್ಗುತ್ತದೆ, ಹೋಗುವುದಿಲ್ಲ. ಝನ್‌ಸ್ಕಾರಿನ ಹಾದಿಯಲ್ಲೋ ಬೇಸಿಗೆಯ ಒಣಹೊಳೆಯಲ್ಲೋ ಆಟವಾಡಲು ಹೋಗುವವರಿಗೆ ಮೆತ್ತನೆಯ ಚೀಲವೇ ಸರಿ; ಅವರಿಗೆ ಮರದ ಪೆಟ್ಟಿಗೆ ಸಲಹೆ ಮಾಡಲಾರೆ. ಆದರೆ ನಮ್ಮಲ್ಲಿ ದೂರ ಹೋಗುವವರಲ್ಲಿ ಹೆಚ್ಚಿನವರು ಓಡಾಡುವುದು ಡಾಂಬರು, ಕಾಂಕ್ರೀಟು, ಒಂದಿಷ್ಟು ಜಲ್ಲಿ ರಸ್ತೆಯಲ್ಲಿ. ಅವರು ರಾತ್ರಿ ಬೈಕನ್ನು ಲಾಡ್ಜಿನ ಮುಂದೆ ನಿಲ್ಲಿಸುವಾಗ ಬ್ಲೇಡಿಗೆ ಬಗ್ಗುವ ಚೀಲಕ್ಕಿಂತ ಬೀಗ ಹಾಕಿದ ಹಲಗೆ ಹೆಚ್ಚು ನೆಮ್ಮದಿ ಕೊಡುತ್ತದೆ.

ಕಾಡಿನ ವಿಚಾರ ಎತ್ತುವವರ ಕಾಳಜಿ ನನ್ನದೂ ಹೌದು. ಪ್ರಯಾಣಿಕ ಪ್ರೀತಿಸುವ ಘಟ್ಟದ ಮರವನ್ನೇ ಕಡಿದು ಪೆಟ್ಟಿಗೆ ಮಾಡುವುದು ಸಲ್ಲದು. ಅದಕ್ಕಾಗಿಯೇ ಬೀಟೆ, ಹೊನ್ನೆ, ಮತ್ತಿಗಳ ಹೆಸರನ್ನು ಪಟ್ಟಿಯಿಂದ ಹೊರಗಿಡುತ್ತೇನೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್, ಬಯಲುಸೀಮೆಯ ರೈತರು ಹೊಲದಂಚಿನಲ್ಲಿ ನೆಡುವ ಹೆಬ್ಬೇವು, ಇವೆರಡೂ ಪ್ಲೈವುಡ್ಡಿಗೆ ಹೋಗುತ್ತವೆ. ಮೂಲೆಯ ಕಂಬಿಗೆ ಹಿತ್ತಲಿನ ಹಲಸು ಸಾಕು, ಅದರ ಚೇಗು ಗೆದ್ದಲಿಗೂ ಜಗ್ಗದು, ಉಳಿಗೂ ಒಲಿಯುತ್ತದೆ. ವೀಣೆಯ ಕೊಡಕ್ಕೂ ಮೃದಂಗದ ಒಡಲಿಗೂ ಅದನ್ನೇ ನಂಬಿರುವುದು ಸುಮ್ಮನೆ ಅಲ್ಲ. ಒಂದು ಜೋಡಿ ಪೆಟ್ಟಿಗೆಗೆ ಬೇಕಾಗುವುದು ಒಂದೂಕಾಲು ಚದರ ಮೀಟರ್ ಹಾಳೆ, ಅಂದರೆ ಎಂಟಡಿ ನಾಲ್ಕಡಿಯ ಒಂದು ಹಾಳೆಯಲ್ಲಿ ಅರ್ಧಕ್ಕೂ ಕಡಿಮೆ. ಪೀಠೋಪಕರಣದ ಅಂಗಡಿಯಲ್ಲಿ ಉಳಿದ ತುಂಡುಗಳಲ್ಲೇ ಎಷ್ಟೋ ಸಲ ಇಷ್ಟು ಸಿಕ್ಕಿಬಿಡುತ್ತದೆ.

ಕೊನೆಯ ಆಕ್ಷೇಪ, ನನಗೆ ಎಲ್ಲಕ್ಕಿಂತ ಚುರುಕಾಗಿ ಕಂಡದ್ದು, ದಾರಿಯ ಬಡಗಿಯನ್ನೇ ಕುರಿತದ್ದು. ಮಲೆನಾಡಿನಲ್ಲಿ ಮರವೂ ಇದೆ, ಆಚಾರರೂ ಇದ್ದಾರೆ. ಆದರೆ ವರ್ಷಕ್ಕೆ ನೂರು ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಬೆಟ್ಟವೆಲ್ಲ ಬೋಳಾಗಿರುವ ಲಡಾಖಿನಲ್ಲಿ ಪೆಟ್ಟಿಗೆ ಮುರಿದರೆ ಅದನ್ನು ಕೇಳುವವರು ಯಾರು? ಲೇಹ್ ಸುತ್ತಲಿನ ಹಳ್ಳಿಗಳ ಮನೆಗಳೇ ಇದಕ್ಕೆ ಉತ್ತರ. ಅಲ್ಲಿ ಹಿಮದ ನೀರು ಹರಿಯುವ ಕಾಲುವೆಯ ಬದಿಗೆ ಪಾಪ್ಲರ್ ಮತ್ತು ವಿಲೋ ನೆಟ್ಟು ಬೆಳೆಸುತ್ತಾರೆ. ಮನೆಯ ಮಾಳಿಗೆಗೆ ಪಾಪ್ಲರಿನ ತೊಲೆ, ತೊಲೆಗಳ ಮೇಲೆ ಒತ್ತೊತ್ತಾಗಿ ವಿಲೋ ಕಡ್ಡಿಗಳು, ಅದರ ಮೇಲೆ ಮಣ್ಣು. ಕಿಟಕಿಗಳಿಗೆ ಕೆತ್ತನೆಯ ಮರದ ಚೌಕಟ್ಟು. ಮರ ಅಲ್ಲಿ ವಿರಳವಾದ್ದರಿಂದಲೇ ತುಂಡು ಮರವನ್ನೂ ಅಳೆದು, ಕೂಡಿಸಿ, ವ್ಯರ್ಥವಾಗದಂತೆ ಬಳಸುವ ಕೈಗಳಿವೆ. ಪಾಪ್ಲರ್ ಹಗುರ, ಉಳಿಗೆ ಬೆಣ್ಣೆ, ಹವೆಗೆ ಆಗಲೇ ಒಗ್ಗಿ ಒಣಗಿದ್ದು. ಮೂಲೆಯ ಹಲ್ಲಿಗೆ ಅದು ಮೆದುವಾಯಿತು. ಆದರೆ ತೋಡಿನಲ್ಲಿ ಸಡಿಲವಾಗಿ ಕೂರಿಸಿದ ಅಗಲ ಮುಖದ ಹಲಗೆಯೊಂದು ಒಡೆದಿದ್ದರೆ ಅದರ ಜಾಗಕ್ಕೆ ಪಾಪ್ಲರಿನ ಹಲಗೆ ಸಲೀಸಾಗಿ ಕೂರುತ್ತದೆ. ತೋಡಿನಲ್ಲಿ ಐದಾರು ಮಿಲಿಮೀಟರ್ ಸಡಿಲ ಬಿಟ್ಟು ಕೂರಿಸುವಂತೆ ಅಲ್ಲಿನ ಬಡಗಿಗೆ ಹೇಳಬೇಕು. ಒಣನಾಡಿನ ಹಲಗೆ ಮತ್ತೆ ಘಟ್ಟದ ತೇವಕ್ಕೆ ಇಳಿದಾಗ ಅಷ್ಟು ಹಿಗ್ಗುತ್ತದೆ.